ಜರಡಿ ಚೆಲ್ಲಿದ ಇಪ್ಪತ್ತು ಅಡಿ

ಕಳೆದ ಮಾಘದಲ್ಲಿ ತಂಗಿಯ ಮಗಳ ಗೃಹಪ್ರವೇಶಕ್ಕೆ ಮುಳಬಾಗಿಲಿಗೆ ಹೋಗಿದ್ದೆ. ಪುರೋಹಿತರು ಹೋಮಕ್ಕೆ ಕೂತ ಹೊತ್ತಿಗೆ ಸರಿಯಾಗಿ ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಲಾರಿ ಶುರುವಾಯಿತು. ಮಂತ್ರ ಯಾರಿಗೂ ಕೇಳಿಸಲಿಲ್ಲ. ಬಿಳಿ ಧೂಳು ಒಳಗೆ ನುಗ್ಗಿ, ಪಾಯಸದ ಪಾತ್ರೆಗೆ ಮುಚ್ಚಳ ಹುಡುಕುವಂತಾಯಿತು. ತಂಗಿ ಒಂದೊಂದೇ ಕಿಟಕಿ ಮುಚ್ಚುತ್ತಾ ಬಂದರೆ ನಾನು ಅವಳ ಹಿಂದೆಯೇ ಒಂದನ್ನು ತೆರೆದು ನಿಂತೆ. ಒದ್ದೆಯಾದ ಕಲ್ಲುಪುಡಿ, ಅದರ ಜೊತೆ ಡೀಸೆಲ್ಲು. ನನ್ನ ಮಟ್ಟಿಗೆ ಅದು ಯಾವ ಅತ್ತರಿಗೂ ಕಡಿಮೆಯಲ್ಲ. "ಈ ವಯಸ್ಸಲ್ಲಿ ಧೂಳು ಕುಡೀತಾ ನಿಂತಿದ್ದೀಯಲ್ಲೇ ಅಕ್ಕ" ಅಂತ ಬೈದಳು. ಒಂದು ಕಾಲದಲ್ಲಿ ಇದೇ ವಾಸನೆಯ ನಡುವೆ ನನಗೆ ಹೋದ ಜೀವ ಬಂದಿತ್ತು ಅಂತ ಅವಳಿಗೆ ಆ ಗಲಾಟೆಯಲ್ಲಿ ಹೇಳುವುದು ಹೇಗೆ?

ಎಂಬತ್ತರ ದಶಕದ ನಡುವಿನ ಒಂದು ವರ್ಷ ಅದು. ನನಗೆ ಇಪ್ಪತ್ನಾಲ್ಕು. ಭೂವಿಜ್ಞಾನ ಓದಿ, ಕೋಲಾರದಲ್ಲಿ ಹಳ್ಳಿಗಳಿಗೆ ಕುಡಿಯುವ ನೀರಿನ ಕೊಳವೆ ಬಾವಿ ಕೊರೆಸುವ ಕಚೇರಿಯೊಂದಕ್ಕೆ ಸೇರಿದ್ದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿಗೂ ಇದ್ದದ್ದು ಬಾವಿ ಕೊರೆಯುವ ಒಂದು ರಿಗ್ಗು, ಒಂದು ಜೀಪು. ಹೆಂಗಸು ಅನ್ನುವ ಕಾರಣಕ್ಕೆ ನನ್ನನ್ನು ಬಾವಿಯ ಹತ್ತಿರ ಕಳಿಸುತ್ತಿದ್ದದ್ದು ಅಪರೂಪ. ಕಚೇರಿಯಲ್ಲಿ ಕೂತು ಕಾಗದದ ಮೇಲೆ ನೆಲದಡಿಯನ್ನು ನೋಡುವುದೇ ನನ್ನ ಕೆಲಸವಾಗಿತ್ತು.

ನಮ್ಮ ಸಾಹೇಬರು ಗುಜರಾತಿನ ಎಣ್ಣೆ ಬಾವಿಗಳಲ್ಲಿ ಹತ್ತು ವರ್ಷ ದುಡಿದು, ಹೆಂಡತಿಗೆ ಅಲ್ಲಿಯ ಹವೆ ಒಗ್ಗದೆ ವಾಪಸು ಬಂದವರು. ಎಣ್ಣೆ ಬಾವಿ ಕೊರೆದ ಮೇಲೆ ಒಂದು ಉದ್ದನೆಯ ಸಲಾಕೆಯಂಥ ಉಪಕರಣವನ್ನು ತಂತಿಗೆ ಕಟ್ಟಿ ಒಳಗೆ ಇಳಿಸುತ್ತಾರೆ. ಅದು ಇಳಿದಂತೆಲ್ಲ ಮೇಲೆ ಒಂದು ಪೆನ್ನು ಚೌಕುಳಿ ಕಾಗದದ ಸುರುಳಿಯ ಮೇಲೆ ಗೀಟು ಎಳೆಯುತ್ತಾ ಹೋಗುತ್ತದೆ. ಆ ಗೀಟಿನ ಏರಿಳಿತ ಓದಿದರೆ ಎಷ್ಟು ಆಳದಲ್ಲಿ ಎಂಥ ಕಲ್ಲು, ಎಲ್ಲಿ ಎಣ್ಣೆ ಅಂತ ತಿಳಿಯುತ್ತದೆ. ಇದಕ್ಕೆ ಲಾಗು ಅನ್ನುತ್ತಾರೆ. ನಮ್ಮಲ್ಲೂ ಅಂಥದ್ದೇ ಒಂದು ಹಳೆಯ, ಕೈಯಲ್ಲಿ ತಿರುಗಿಸುವ ಮಿಷಿನ್ ಇತ್ತು. ಎಣ್ಣೆಯ ಬದಲು ನಾವು ಹುಡುಕುತ್ತಿದ್ದದ್ದು ಬಂಡೆಯೊಳಗಿನ ಬಿರುಕು. ಗಟ್ಟಿ ಬಂಡೆ ಇದ್ದಲ್ಲಿ ಗೀಟು ಮೇಲೇರುತ್ತದೆ, ನೀರಿನ ಬಿರುಕು ಬಂದಲ್ಲಿ ದೊಪ್ಪನೆ ಕುಸಿಯುತ್ತದೆ.

"ಎಣ್ಣೆಯವರು ಲಾಗನ್ನ ಈಗ ಕಂಪ್ಯೂಟರಲ್ಲಿ ಓದಿಸ್ತಾರೆ. ನಾವ್ಯಾಕೆ ಭೂತಗನ್ನಡಿ ಹಿಡ್ಕೊಂಡು ಕಣ್ಣು ಕೆಡಿಸಿಕೋಬೇಕು?" ಅಂತ ಸಾಹೇಬರು ಎಲ್ಲೆಲ್ಲೋ ಬೇಡಿ, ಟಿ.ವಿ.ಗೆ ಜೋಡಿಸುವ ಒಂದು ಸಣ್ಣ ಕಂಪ್ಯೂಟರ್ ತರಿಸಿದರು. ಬೆಂಗಳೂರಿನಲ್ಲಿ ಮೂರು ವಾರ ತರಬೇತಿ. ಟೈಪಿಂಗ್ ಬರುತ್ತದೆ ಅನ್ನುವ ಒಂದೇ ಅರ್ಹತೆಯ ಮೇಲೆ ನನ್ನನ್ನು ಕಳಿಸಿದರು. ವಾಪಸು ಬಂದು ಎರಡು ತಿಂಗಳು ತಲೆ ಕೆರೆದುಕೊಂಡು ಒಂದು ಪ್ರೋಗ್ರಾಂ ಬರೆದೆ. ಸುರುಳಿಯ ಮೇಲೆ ಎರಡೆರಡು ಅಡಿಗೆ ಒಂದರಂತೆ ಗೀಟಿನ ಎತ್ತರ ಅಳೆದು ಟೈಪು ಮಾಡಿದರೆ, ಪೆನ್ನಿನ ನಡುಕ, ಸುಳ್ಳು ಏರಿಳಿತ ಎಲ್ಲ ಕಳೆದು, "ಇಂತಿಷ್ಟು ಅಡಿಯಲ್ಲಿ ಬಿರುಕು" ಎಂದು ಅದು ಅಚ್ಚು ಹಾಕಿಕೊಡುತ್ತಿತ್ತು. ಬೇಕಾದದ್ದು ಉಳಿಸಿ ಬೇಡದ್ದು ಚೆಲ್ಲುವುದರಿಂದ ಸಾಹೇಬರು ಅದಕ್ಕೆ ಜರಡಿ ಎಂದು ಹೆಸರಿಟ್ಟರು. ಪ್ರೋಗ್ರಾಂ ಇದ್ದದ್ದು ಹಾಡಿನ ಕ್ಯಾಸೆಟ್ಟಿನಂಥ ಕ್ಯಾಸೆಟ್ಟಿನಲ್ಲಿ. ಯಾರಾದರೂ ಅದರ ಮೇಲೆ ಭಕ್ತಿಗೀತೆ ರೆಕಾರ್ಡು ಮಾಡಿಬಿಟ್ಟಾರು ಅಂತ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದೆ.

ಜರಡಿಯಲ್ಲಿ ನನಗೆ ತುಂಬ ಹೆಮ್ಮೆಯಿದ್ದ ಒಂದು ಚಾಲಾಕಿತನ ಇತ್ತು. ಕೊಳವೆ ಬಾವಿಯ ಮೇಲ್ಭಾಗದ ಮಣ್ಣು ಕುಸಿಯಬಾರದೆಂದು ಕಬ್ಬಿಣದ ಕೇಸಿಂಗ್ ಪೈಪು ಇಳಿಸಿರುತ್ತಾರಲ್ಲ, ಕಬ್ಬಿಣದೊಳಗೆ ಗೀಟು ಸತ್ತಂತೆ ಚಪ್ಪಟೆಯಾಗಿ ಓಡುತ್ತದೆ. ಅದರಿಂದ ನೀರಿನ ಸುದ್ದಿಯೇನೂ ತಿಳಿಯುವುದಿಲ್ಲ. ಆದ್ದರಿಂದ ಆ ಚಪ್ಪಟೆ ಭಾಗವನ್ನು ಅಳೆಯುವುದೇ ಬೇಡ, ಗೀಟು ಮೊದಲು ಜಿಗಿದಲ್ಲಿಂದ ಶುರು ಮಾಡಿದರೆ ಸಾಕು ಎಂದು ಬರೆದಿದ್ದೆ. ಸಾಹೇಬರು ಒಮ್ಮೆ ಹೇಳಿದ್ದುಂಟು: "ಎಣ್ಣೆ ಬಾವೀಲಿ ಎಲ್ಲಕ್ಕಿಂತ ಮೊದಲು ಕೇಸಿಂಗ್ ಎಲ್ಲಿ ಮುಗೀತು ಅಂತಾನೇ ನೋಡ್ತಾರಮ್ಮ." ಅದಕ್ಕೆ ನಾನು, "ಅಲ್ಲಿ ಸಾವಿರಗಟ್ಟಲೆ ಅಡಿ ಸಾರ್. ನಮ್ಮದು ನಲವತ್ತಡಿ ಪೈಪು, ಅದರಲ್ಲಿ ನೋಡೋದೇನಿದೆ?" ಅಂದಿದ್ದೆ. ಅವರು ನಕ್ಕು ಸುಮ್ಮನಾದರು. ಬೈದಿದ್ದರೆ ಚೆನ್ನಾಗಿತ್ತು.

ಹಳೆಯ ಲಾಗುಗಳ ಮೇಲೆ ಜರಡಿ ಆಡಿಸಿ ನೋಡಿದೆವು. ಮಾಲೂರು ಕಡೆಯವು, ಕೋಲಾರದ ಸುತ್ತಿನವು, ಎಲ್ಲವೂ ಡ್ರಿಲ್ಲರ್ ಬರೆದಿಟ್ಟ ಪುಸ್ತಕಕ್ಕೆ ಸರಿಹೊಂದಿದವು. ಹೆಮ್ಮೆಯಲ್ಲಿ ನಾನು ನೆಲದ ಮೇಲೆ ನಡೆಯುವುದು ಬಿಟ್ಟೆ.

ನಮ್ಮ ಡ್ರಿಲ್ಲರ್ ಚೌಡಪ್ಪ. ಶ್ರೀನಿವಾಸಪುರದ ಕಡೆಯವರು, ಐವತ್ತು ದಾಟಿದ್ದವರು, ಅರ್ಧ ಕನ್ನಡ ಅರ್ಧ ತೆಲುಗು. ಕೊರೆಯುವ ರಾಡು ಒಂದೊಂದೂ ಇಪ್ಪತ್ತು ಅಡಿ. ಒಂದು ಇಳಿದ ಮೇಲೆ ಮಿಷಿನ್ ನಿಲ್ಲಿಸಿ ಇನ್ನೊಂದನ್ನು ಜೋಡಿಸಬೇಕು. ಆ ಮೌನದಲ್ಲಿ ಚೌಡಪ್ಪ "ಒಕಟಿ", "ರೆಂಡು", "ಮೂಡು" ಎಂದು ತೆಲುಗಿನಲ್ಲೇ, ಊರಿಗೆಲ್ಲ ಕೇಳುವಂತೆ ಕೂಗಿ ಎಣಿಸುತ್ತಿದ್ದರು. ಬರೆಯುವುದು ಆಮೇಲೆ. ಅವರ ಪುಸ್ತಕದಲ್ಲಿ ಆಳ ಎಷ್ಟು ಅಂತ ಇದ್ದರೆ ಅಷ್ಟೇ, ಎರಡನೆಯ ಮಾತಿಲ್ಲ.

ಆ ಬೇಸಿಗೆಯ ಹೊತ್ತಿಗೆ ಅವರ ಲೆಕ್ಕ ತಪ್ಪತೊಡಗಿತು. ದೇವರಾಯಸಮುದ್ರದ ಬಾವಿಗೆ ಅವರು ಒಂಬತ್ತು ರಾಡು, ನೂರ ಎಂಬತ್ತಡಿ ಎಂದು ಬರೆದಿದ್ದರು. ಲಾಗಿನ ಸುರುಳಿ ಇನ್ನೂರು ಅಡಿ ತೋರಿಸಿತು. ಅದರ ನಂತರದ ಬಾವಿಯಲ್ಲೂ ಅಷ್ಟೇ, ಇಪ್ಪತ್ತು ಅಡಿ ವ್ಯತ್ಯಾಸ. ಅಂದರೆ ಸರಿಯಾಗಿ ಒಂದು ರಾಡು. ಇದಕ್ಕಿಂತ ಸ್ಪಷ್ಟ ಏನು ಬೇಕು? ಮನುಷ್ಯನಿಗೆ ವಯಸ್ಸಾಯಿತು, ಒಂದು ರಾಡು ಎಣಿಸುವುದು ಮರೆಯುತ್ತಿದ್ದಾರೆ. ನಾನು ಅಚ್ಚುಕಟ್ಟಾಗಿ ಒಂದು ಟಿಪ್ಪಣಿ ಟೈಪು ಮಾಡಿ ಸಾಹೇಬರ ಮೇಜಿನ ಮೇಲಿಟ್ಟೆ. ಇನ್ನು ಮೇಲೆ ಆಳಕ್ಕೆ ಜರಡಿಯ ಮಾತೇ ಮಾತು ಎಂದು ಆದೇಶವಾಯಿತು.

ಮರುದಿನ ಚೌಡಪ್ಪ ಕಚೇರಿಗೆ ಬಂದು ಬಾಗಿಲಲ್ಲೇ ನಿಂತರು. ಚಪ್ಪಲಿ ಹೊರಗೆ ಬಿಟ್ಟಿದ್ದರು.

"ಮೇಡಮ್ಮಾ, ನಾನು ರಾಡು ಮರ್ತೆ ಅಂತ ಬರ್ದಿದ್ದೀರಂತೆ."

"ನಾನು ಬರೆದದ್ದಲ್ಲ ಚೌಡಪ್ಪ, ಲೆಕ್ಕ ಹಾಗೆ ಬಂದಿದೆ" ಅಂದೆ. ಎಷ್ಟು ಸುಲಭವಾಗಿ ಅಂದೆ.

"ಇಪ್ಪತ್ತು ವರ್ಷದಿಂದ ಎಣಿಸ್ತಿದ್ದೀನಮ್ಮಾ. ಒಂದು ಸಲ ಮರ್ತಿರಬೋದು. ಎರಡೂ ಸಲ ಮರ್ತ್ನಾ?"

ಅವರು ಜಗಳಕ್ಕೆ ಬಂದಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ನಾನು ಟಿ.ವಿ. ಪರದೆಯ ಕಡೆ ತಿರುಗಿದೆ. ಅದಾದ ಮೇಲೆ ಚೌಡಪ್ಪ ಕೂಗಿ ಎಣಿಸುವುದನ್ನು ನಿಲ್ಲಿಸಿದರು ಎಂದೂ, ರಿಗ್ಗಿನ ಕಂಬಕ್ಕೆ ಒಂದು ದಾರ ಕಟ್ಟಿ, ರಾಡಿಗೊಂದು ಗಂಟು ಹಾಕುತ್ತಿದ್ದಾರೆ ಎಂದೂ ಜೀಪಿನ ಡ್ರೈವರ್ ಹೇಳಿದ. ಒಳ್ಳೆಯದೇ ಆಯಿತು, ಎಚ್ಚರಿಕೆ ಬಂತು ಅಂದುಕೊಂಡೆ.

ಮೂರನೆಯ ಬಾವಿ ತಾಯಲೂರಿನ ಆಚೆಯ ಒಂದು ಸಣ್ಣ ಹಳ್ಳಿಯದು. ಅರವತ್ತು ಮನೆ. ಇದ್ದ ಒಂದು ತೆರೆದ ಬಾವಿಯ ತಳದಲ್ಲಿ ಕೆಸರು ಕಾಣುತ್ತಿತ್ತು. ಎರಡು ವರ್ಷ ಕಾದ ಮೇಲೆ ಅವರ ಸರದಿ ಬಂದಿತ್ತು. ಕೊರೆದ ದಿನವೇ ಒಳ್ಳೆಯ ನೀರು ಚಿಮ್ಮಿತು, ನೂರ ಹತ್ತಡಿಯಲ್ಲಿ ಬಿರುಕು ಎಂದು ಚೌಡಪ್ಪ ಬರೆದರು. ಜರಡಿ ನೂರ ಮೂವತ್ತು ಅಂದಿತು. ಮತ್ತೆ ಅದೇ ಒಂದು ರಾಡು. ತೊಂದರೆಯೆಂದರೆ ಈ ಬಾವಿಯ ಗೋಡೆ ನಡುವೆ ಪುಡಿಪುಡಿಯಾಗಿ ಉದುರುತ್ತಿತ್ತು. ಅದು ಬಾವಿಯನ್ನು ತುಂಬಿಬಿಡಬಾರದೆಂದು ಒಳಗೆ ಇನ್ನೊಂದು ಸಣ್ಣ ಪೈಪು ಇಳಿಸಬೇಕು, ಆದರೆ ಆ ಪೈಪು ನೀರಿನ ಬಿರುಕಿನ ಬಾಯಿ ಮುಚ್ಚಬಾರದು. ಬಿರುಕು ನೂರ ಮೂವತ್ತರಲ್ಲಿ, ಆದ್ದರಿಂದ ನೂರ ಇಪ್ಪತ್ತರವರೆಗೆ ಧಾರಾಳವಾಗಿ ಇಳಿಸಬಹುದು ಎಂದು ನಾನೇ ಬರೆದುಕೊಟ್ಟೆ. ಇಪ್ಪತ್ತಡಿಯ ಆರು ಪೈಪು ಇಳಿಸಿದರು.

ನೀರೆತ್ತಲು ಕಂಪ್ರೆಸರಿನಿಂದ ಗಾಳಿ ಹಾಕಿದಾಗ ನೀರು ಹತ್ತು ನಿಮಿಷ ಬಂದು ನಿಂತಿತು. ಮತ್ತೆ ಗಾಳಿ ಹಾಕಿದರೂ ಬರೀ ಗಾಳಿಯೇ ವಾಪಸು ಬಂತು.

ಸಾಹೇಬರು ಸಂಜೆ ನನ್ನನ್ನು ಕರೆದು, ದನಿ ಏರಿಸದೆಯೇ ಹೇಳಿದರು: "ಜರಡಿ ನಿಮ್ದು. ನೀವೇ ಹೋಗಿ ನೋಡಿ. ನಾಳೆ ಮಧ್ಯಾಹ್ನ ರಿಗ್ಗು ಲಕ್ಕೂರಿಗೆ ಹೊರಡಬೇಕು. ಅಷ್ಟರಲ್ಲಿ ಕಾರಣ ಸಿಗದಿದ್ರೆ ಆ ಬಾವಿ ಫೇಲು ಅಂತ ಬರೀಬೇಕಾಗತ್ತೆ. ಮತ್ತೆ ಅವರ ಸರದಿ ಯಾವಾಗ ಬರತ್ತೋ ನಂಗೊತ್ತಿಲ್ಲ."

ಬೆಳಿಗ್ಗೆ ಎಂಟಕ್ಕೆ ಆ ಊರು ತಲುಪಿದಾಗ ರಿಗ್ಗಿನ ಸುತ್ತ ಬಿಂದಿಗೆಗಳು ಸಾಲಾಗಿ ಕೂತಿದ್ದವು. ಹೆಂಗಸರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನಗೆ ಕೂರಲು ನೆರಳು ತೋರಿಸಿದರು. ಹುಣಸೆ ಮರದ ಕೆಳಗೆ ಬಿದ್ದಿದ್ದ ದಪ್ಪ ಕಬ್ಬಿಣದ ಪೈಪಿನ ಮೇಲೆ ಕೂತು ತೊಡೆಯ ಮೇಲೆ ಸುರುಳಿ ಬಿಚ್ಚಿದೆ. ಒಂದು ಗಂಟೆ ಕೂಡಿದೆ, ಕಳೆದೆ. ಜರಡಿಯ ಪ್ರತಿ ಸಾಲನ್ನೂ ಕೈಯಲ್ಲಿ ಮಾಡಿ ನೋಡಿದೆ. ಎಲ್ಲಾ ಸರಿಯಾಗಿತ್ತು, ಅದೇ ನನಗೆ ಹೆದರಿಕೆ. ಎಲ್ಲಾ ಸರಿಯಿದ್ದೂ ನೀರಿಲ್ಲ ಅಂದರೆ ನನಗೆ ಈ ಕೆಲಸ ಅರ್ಥವೇ ಆಗಿಲ್ಲ ಅಂತಲೇ. ಇರುವ ನೀರಿನ ಬಾಯಿಯನ್ನು ನಾನೇ ಮುಚ್ಚಿಸಿದ್ದೇನೆ, ಎಲ್ಲಿ ಅಂತ ಮಾತ್ರ ಗೊತ್ತಾಗುತ್ತಿಲ್ಲ.

ಒಬ್ಬ ವಯಸ್ಸಾದ ಹೆಂಗಸು ಲೋಟದಲ್ಲಿ ಮಜ್ಜಿಗೆ ತಂದು ಕೊಟ್ಟಳು. "ಕುಡಿಯವ್ವ, ಮೊಕ ಬಾಡೋಗದೆ. ಭೂಮಿತಾಯಿ ಏನೂ ಕದ್ದು ಮಡಗಲ್ಲ, ಸಿಗ್ತದೆ ಬುಡು" ಅಂದಳು. ನೀರಿಲ್ಲದ ಊರಿನ ಆ ಮಜ್ಜಿಗೆಯನ್ನು ಕುಡಿಯದೆ ಪಕ್ಕಕ್ಕಿಟ್ಟೆ.

ಬೇರೇನೂ ತೋಚದೆ ಸುರುಳಿಯನ್ನು ಮೊದಲ ತುದಿಯವರೆಗೆ ಬಿಚ್ಚಿದೆ. ಕಚೇರಿಯಲ್ಲಿ ಎಂದೂ ನೋಡದೆ ಬಿಡುತ್ತಿದ್ದ ಚಪ್ಪಟೆ ಭಾಗ. ಅಲ್ಲಿ ಒಂದೆರಡು ಕಡೆ ಕುಂಕುಮದ ಕಲೆಯಿತ್ತು. ಈಚಿನ ಸುರುಳಿಗಳಲ್ಲೆಲ್ಲ ಅದನ್ನು ನೋಡಿದ್ದೆ, ಕೊಡವಿ ಪಕ್ಕಕ್ಕಿಡುತ್ತಿದ್ದೆ. ಸುಮ್ಮನೆ ಚೌಕ ಎಣಿಸಿದೆ. ಗೀಟು ಸೊನ್ನೆಯಿಂದ ಅರವತ್ತು ಅಡಿಯವರೆಗೂ ಚಪ್ಪಟೆಯಾಗಿ ಓಡಿ, ಆಮೇಲೆ ಜಿಗಿದಿತ್ತು. ಅಂದರೆ ಅರವತ್ತಡಿ ಕಬ್ಬಿಣ.

"ಚೌಡಪ್ಪ, ಮೊದಲನೇ ದಿನ ಮೇಲ್ಗಡೆ ಮಣ್ಣಿಗೆ ಅಂತ ದಪ್ಪ ಕೇಸಿಂಗ್ ಇಳಿಸಿದ್ರಲ್ಲ, ಎಷ್ಟು ಪೈಪು?"

"ರೆಂಡು" ಅಂದರು. ಆಮೇಲೆ ದಾರದ ಕಡೆ ಒಮ್ಮೆ ನೋಡಿ, ದನಿ ಇಳಿಸಿ, "ಎರಡೇ ಅನ್ಕೊತೀನಮ್ಮಾ" ಅಂದರು.

"ಮೂರು ಇರಬೇಕು. ಇಲ್ಲಿ ಅರವತ್ತಡಿ ತೋರಿಸ್ತಿದೆ. ಲಾರೀಲಿ ಎಷ್ಟು ತಂದಿದ್ರಿ?"

"ತಂದಿದ್ದು ಮೂರು."

"ಮತ್ತೆ ಮೂರನೇದು?"

ಚೌಡಪ್ಪ ನನ್ನ ಕಡೆ ನೋಡಿದರು. ಆಮೇಲೆ ಸಂಕೋಚದಿಂದ, "ಮೂರನೇದರ ಮೇಲೇ ಕೂತಿದ್ದೀರಲ್ಲಮ್ಮಾ ನೀವು" ಅಂದರು.

ಎದ್ದು ನಿಂತೆ. ನೋಡಿದೆ. ಇಪ್ಪತ್ತು ಅಡಿ ಉದ್ದದ, ದಪ್ಪನೆಯ, ನೆಲದೊಳಗೆ ಎಂದೂ ಇಳಿಯದ ಪೈಪು. ರಾಡು ಎಣಿಸುವುದನ್ನು ಮನುಷ್ಯ ಮರೆಯಬಹುದು. ಹುಣಸೆ ಮರದ ಕೆಳಗೆ ಬಿದ್ದಿರುವ ಪೈಪು ಅದೇ ಹೊತ್ತಿಗೆ ಬಾವಿಯೊಳಗೂ ಇರಲು ಸಾಧ್ಯವಿಲ್ಲ. ಒಳಗಿರುವ ಕಬ್ಬಿಣ ನಲವತ್ತೇ ಅಡಿ, ಸುರುಳಿ ಅರವತ್ತು ಅನ್ನುತ್ತಿದೆ. ಸುಳ್ಳು ಹೇಳುತ್ತಿರುವುದು ಸುರುಳಿ.

ಲಾಗಿನ ಮಿಷಿನ್ ನೋಡಿಕೊಳ್ಳುತ್ತಿದ್ದವರು ಮುನಿವೆಂಕಟಪ್ಪ. ಅವರು ಜೀಪಿನ ನೆರಳಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿದ್ದರು. "ಮುನಿವೆಂಕಟಪ್ಪ, ನೀವು ಸಲಾಕೆ ಹೇಗೆ ಇಳಿಸ್ತೀರಿ ಅಂತ ನಂಗೊಂದು ಸಲ ತೋರಿಸಿ. ಮೊದಲಿಂದ ಕೊನೆವರೆಗೆ, ಏನೂ ಬಿಡದೆ" ಅಂದೆ.

ಅವರಿಗೆ ಖುಷಿಯಾಯಿತು. ಅವರ ಕೆಲಸವನ್ನು ಯಾರೂ ಹಾಗೆ ಕೇಳಿದವರಿಲ್ಲ. ಮಿಷಿನ್ ಇಟ್ಟು, ಹೊಸ ಕಾಗದ ಸಿಕ್ಕಿಸಿ, ಪೆನ್ನು ಕೂರಿಸಿ ಸೊನ್ನೆಯ ಗುರುತು ಹಾಕಿದರು. ಆಮೇಲೆ ಚಪ್ಪಲಿ ಬಿಟ್ಟರು. ಸಲಾಕೆಗೆ ಕುಂಕುಮ ಹಚ್ಚಿ, ಹಿಡಿಕೆ ತಿರುಗಿಸುತ್ತಾ ಅದನ್ನು ನಿಧಾನವಾಗಿ ಬಾವಿಯೊಳಗೆ ಹತ್ತು ಅಡಿ ಇಳಿಸಿ ನಿಲ್ಲಿಸಿದರು. ಕಣ್ಣು ಮುಚ್ಚಿ ಗಂಗಮ್ಮನನ್ನು ನೆನೆದು, ಮತ್ತೆ ಮೇಲೆತ್ತಿ, ಕರ್ಪೂರ ಹಚ್ಚಿ, ತೆಂಗಿನಕಾಯಿ ಒಡೆದರು.

"ಇದು ಯಾವಾಗಿನಿಂದ?" ಅಂತ ಕೇಳಿದೆ.

"ಯುಗಾದಿ ಹಿಂದ್ಲಿಂದ ಮೇಡಮ್ಮಾ. ಶ್ರೀನಿವಾಸಪುರದಾಗೆ ಸಲಾಕೆ ಸಿಕ್ಕಾಕ್ಕೊಂಡು ಬೆಳಗಿನಿಂದ ಸಾಯಂಕಾಲದಗಂಟ ಬರ್ಲಿಲ್ಲ ನೋಡಿ, ಆವತ್ತು ಹರಕೆ ಹೊತ್ಕೊಂಡೆ. ಇನ್ಮೇಲೆ ನಿನ್ನ ಮನೆಗೆ ಬರೋಕ್ ಮುಂಚೆ ಬಾಗ್ಲಾಗೆ ನಿಂತು ಕೇಳಿ, ವಾಪಸ್ ಬಂದು, ಆಮ್ಯಾಕೇ ಒಳೀಕ್ ಬರ್ತೀನಿ ತಾಯೀ ಅಂತ."

"ಸೊನ್ನೆ ಗುರುತು ಪೂಜೆಗಿಂತ ಮುಂಚೆ ಯಾಕೆ ಹಾಕ್ತೀರಿ?"

"ಮಿಷಿನ್ ಚಾಲೂ ಇಲ್ಲದೆ ಕೈ ಮುಗಿದ್ರೆ ಆಯಮ್ಮ ಒಪ್ತಾಳಾ? ಆಯುಧಪೂಜೆಗೂ ಬಸ್ ಇಸ್ಟಾರ್ಟ್ ಮಾಡೇ ಅಲ್ವಾ ಮಂಗಳಾರತಿ ಎತ್ತೋದು?"

ನಾನು ಅವರ ಮುಖ ನೋಡುತ್ತಿರಲಿಲ್ಲ, ಕಾಗದ ನೋಡುತ್ತಿದ್ದೆ. ನಮ್ಮ ಹಳೆಯ ಮಿಷಿನ್ನಿನಲ್ಲಿ ತಂತಿ ಕೆಳಗೆ ಹೋದರೂ ಮೇಲೆ ಬಂದರೂ ಚಕ್ರ ಕಾಗದವನ್ನು ಮುಂದಕ್ಕೇ ದೂಡುತ್ತಿತ್ತು, ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ. ಹತ್ತು ಅಡಿ ಇಳಿದದ್ದು, ಹತ್ತು ಅಡಿ ಏರಿದ್ದು. ನಿಜವಾದ ಕೆಲಸ ಶುರುವಾಗುವ ಮೊದಲೇ ಕಾಗದದ ಮೇಲೆ ಇಪ್ಪತ್ತು ಅಡಿ ಕಳೆದುಹೋಗಿತ್ತು. ಅಷ್ಟೂ ಚಪ್ಪಟೆ ಗೀಟು. ಅದು ಕಬ್ಬಿಣದ ಚಪ್ಪಟೆಯ ಜೊತೆ ಸೇರಿಕೊಂಡಿತ್ತು. ಅದನ್ನು ಹಿಡಿಯಬಹುದಾಗಿದ್ದ ಆ ಒಂದೇ ಭಾಗವನ್ನು, ಪ್ರಯೋಜನವಿಲ್ಲ ಅಂತ, ನನ್ನ ಜರಡಿ ಚೆಲ್ಲುತ್ತಿತ್ತು.

ನನಗೆ ಒಟ್ಟಿಗೆ ನಗುವೂ ಅಳುವೂ ಬಂತು. ಮುನಿವೆಂಕಟಪ್ಪ ಗಾಬರಿಯಾಗಿ ತೆಂಗಿನಕಾಯಿಯ ಹೋಳು ನನ್ನ ಕೈಗಿಟ್ಟು, "ಏನಾರಾ ತಪ್ಪಾಯ್ತಾ ಮೇಡಮ್ಮಾ?" ಅಂದರು.

"ನಿಮ್ಮದಲ್ಲ" ಅಂದೆ. ಚೌಡಪ್ಪನ ಹತ್ತಿರ ಹೋದೆ. "ನಿಮ್ಮ ನೂರ ಹತ್ತೇ ಸರಿ. ಒಳಗಿನ ಪೈಪು ನೂರ ಇಪ್ಪತ್ತಕ್ಕೆ ಹೋಗಿ ಬಿರುಕಿನ ಬಾಯಿ ಮುಚ್ಚಿದೆ. ಒಂದು ಪೈಪಿನಷ್ಟು ಮೇಲಕ್ಕೆ ಎಳೆಯೋಕಾಗತ್ತಾ?"

"ಸಿಮೆಂಟು ಹಾಕಿಲ್ಲ ಇನ್ನೂ. ಆಗ್ತದೆ" ಅಂದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಒಮ್ಮೆ ಮಾತ್ರ ಕೇಳಿದರು: "ಮಿಕ್ಕಿದ ಎರಡು ಬಾವೀಲೂ?"

"ಅವುಗಳಲ್ಲೂ ನಿಮ್ಮದೇ ಸರಿ. ನಾನು ತಪ್ಪು ಬರೆದೆ ಚೌಡಪ್ಪ."

ಅವರು ತಲೆಯಾಡಿಸಿ ರಿಗ್ಗು ಹತ್ತಿದರು.

ಪೈಪು ಮೊದಲು ಅಲ್ಲಾಡಲಿಲ್ಲ. ಹಗ್ಗದ ಕೊಂಡಿ ಎರಡು ಸಲ ಜಾರಿತು. ಸಿಕ್ಕಿಹಾಕಿಕೊಂಡಿದೆ, ಇಷ್ಟು ತಿಳಿದೂ ಕೈ ತಪ್ಪಿತು ಅಂದುಕೊಂಡೆ. ಮೂರನೆಯ ಸಲ ಕಿರ್ರನೆ ಸದ್ದು ಮಾಡಿ ಒಂದು ಗೇಣು ಮೇಲೆ ಬಂತು. ಆಮೇಲೆ ಒಂದು ಮೊಳ. ಹನ್ನೊಂದೂವರೆಯ ಹೊತ್ತಿಗೆ ಒಂದು ಪೈಪು ಪೂರ್ತಿ ಹೊರಬಂತು. ಅದನ್ನು ಬಿಚ್ಚಿ ಹುಣಸೆ ಮರದ ಕೆಳಗೆ, ನಾನು ಕೂತಿದ್ದ ಪೈಪಿನ ಪಕ್ಕದಲ್ಲೇ ಮಲಗಿಸಿದರು. ಉಳಿದ ನೂರಡಿ ಪೈಪು ಉದುರುವ ಗೋಡೆಗೆ ಸಾಕಾಗುತ್ತಿತ್ತು, ಬಿರುಕಿನ ಬಾಯಿ ಮಾತ್ರ ಈಗ ತೆರೆದಿತ್ತು.

ಗಾಳಿ ಬಿಟ್ಟರು. ಮೊದಲು ಕೆಮ್ಮಿದಂಥ ಸದ್ದು. ಒದ್ದೆ ಕಲ್ಲುಪುಡಿಯ ವಾಸನೆ, ಡೀಸೆಲ್ಲಿನ ವಾಸನೆ. ಆಮೇಲೆ ಹಾಲಿನ ಬಣ್ಣದ ನೀರು ಆಳೆತ್ತರಕ್ಕೆ ಎದ್ದಿತು. ಹತ್ತು ನಿಮಿಷ ಆಯಿತು, ನಾನು ಗಡಿಯಾರ ನೋಡುತ್ತಲೇ ಇದ್ದೆ. ಇಪ್ಪತ್ತಾಯಿತು. ನೀರು ತಿಳಿಯಾಗುತ್ತಾ ಹೋಯಿತೇ ಹೊರತು ಕಡಿಮೆಯಾಗಲಿಲ್ಲ. ಮಜ್ಜಿಗೆ ಕೊಟ್ಟ ಹೆಂಗಸು ಮೊದಲ ಬಿಂದಿಗೆ ತುಂಬಿ ಅದರಿಂದ ಒಂದು ಲೋಟ ನನಗೇ ತಂದುಕೊಟ್ಟಳು. ಕಲ್ಲುಪುಡಿ ಹಲ್ಲಿಗೆ ಸಿಕ್ಕುತ್ತಿದ್ದ ಆ ನೀರನ್ನು ಪೂರ್ತಿ ಕುಡಿದೆ. ಅಂಥ ನಿರಾಳ ನನ್ನ ಜೀವನದಲ್ಲಿ ಮತ್ತೆ ಬಂದಿಲ್ಲ, ಮಗಳು ಹುಟ್ಟಿದ ದಿನ ಬಿಟ್ಟರೆ. ಖಾಲಿ ಲೋಟ ಹಿಡಿದುಕೊಂಡೇ ಹೋಗಿ ಅದೇ ಮೂರನೆಯ ಪೈಪಿನ ಮೇಲೆ ಕೂತೆ.

ಕೋಲಾರಕ್ಕೆ ಬಂದವಳೇ ಮೊದಲು ಮಾಡಿದ ಕೆಲಸ, ನನ್ನ ಹಳೆಯ ಟಿಪ್ಪಣಿ ತಪ್ಪು ಎಂದು ಇನ್ನೊಂದು ಟಿಪ್ಪಣಿ ಬರೆದದ್ದು. ಸಾಹೇಬರು ಓದಿ, ರುಜು ಹಾಕಿ, "ಕೇಸಿಂಗ್?" ಅಂತ ಒಂದೇ ಮಾತು ಕೇಳಿದರು. "ಇವತ್ತಿನಿಂದ ಅದೇ ಮೊದಲು ಸಾರ್" ಅಂದೆ. ಜರಡಿಯನ್ನು ತಿದ್ದಿದೆ. ಕೇಸಿಂಗ್ ಎಷ್ಟು ಪೈಪು, ರಾಡು ಎಷ್ಟು ಎಂಬ ಡ್ರಿಲ್ಲರನ ಲೆಕ್ಕ ಕೊಡದೆ ಅದು ಮುಂದಕ್ಕೆ ಒಂದು ಹೆಜ್ಜೆ ಇಡದಂತೆ ಮಾಡಿದೆ. ಮುನಿವೆಂಕಟಪ್ಪನ ಹರಕೆಗೆ ನಾವು ಕೈ ಹಾಕಲಿಲ್ಲ. ಮಂಗಳಾರತಿ ಮುಗಿದ ಮೇಲೆ ಇನ್ನೊಂದು ಗುರುತು ಹಾಕಿ, ಸೊನ್ನೆ ಅಲ್ಲಿಂದ ಶುರು ಎಂದು ಒಪ್ಪಂದವಾಯಿತು. ಮುಂದೆ ನಾನೂ ಎಣ್ಣೆಯ ಕಡೆಗೆ ಹೋಗಿ ಎಷ್ಟೋ ವರ್ಷ ಲಾಗು ಓದುವುದರಲ್ಲೇ ಕಳೆದೆ. ಯಾವ ದೊಡ್ಡ ಕಂಪ್ಯೂಟರ್ ಏನೇ ಹೇಳಿದರೂ ಮೊದಲು ಕೇಸಿಂಗ್ ಎಲ್ಲಿ ಮುಗಿಯಿತು ಅಂತ ನೋಡುವವಳು ಎಂದು ಹುಡುಗರು ನನ್ನನ್ನು ಆಡಿಕೊಳ್ಳುತ್ತಿದ್ದರು.

ಆದರೆ ಆ ವರ್ಷ ನನ್ನ ಮಟ್ಟಿಗೆ ಮುಗಿದದ್ದು ನೀರು ಬಂದ ದಿನ ಅಲ್ಲ. ಅದಾದ ವಾರಕ್ಕೆ ನಾನಾಗಿಯೇ ಕೇಳಿಕೊಂಡು ಲಕ್ಕೂರಿನ ಬಾವಿಗೆ ಹೋದೆ. ಚೌಡಪ್ಪನಿಗೆ ಇನ್ನೊಮ್ಮೆ, ಎಲ್ಲರೆದುರಿಗೆ, ತಪ್ಪಾಯಿತು ಅನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಜೀಪು ಊರಾಚೆ ಹಿಪ್ಪುನೇರಳೆ ತೋಟದ ಪಕ್ಕ ನಿಂತಿತು. ರಿಗ್ಗು ಇನ್ನೂ ಕಾಣುತ್ತಿರಲಿಲ್ಲ. ಕೊರೆಯುವ ಸದ್ದು ತಟ್ಟನೆ ನಿಂತಿತು, ರಾಡು ಬದಲಿಸುವ ಹೊತ್ತು. ಆ ಮೌನದಲ್ಲಿ, ತೋಟದ ಆಚೆಯಿಂದ, ಊರಿಗೆಲ್ಲ ಕೇಳುವ ಹಾಗೆ ಒಂದು ದನಿ ಬಂತು.

"ನಾಲುಗು!"

ಹತ್ತಿರ ಹೋಗಿ ನೋಡಿದರೆ ರಿಗ್ಗಿನ ಕಂಬದಲ್ಲಿ ಆ ಗಂಟಿನ ದಾರ ಇರಲಿಲ್ಲ.